ಹಳದಿ ಗೋಡೆಯ ಎದುರು ಹತ್ತು ನಿಮಿಷ

ಫೆಬ್ರವರಿ 2

ಮಾವ,

ಫೋನ್ ಮಾಡಿದರೆ ನೀವು "ಹಾಂ? ಯಾರು?" ಎಂದು ನಾಲ್ಕು ಸಲ ಕೇಳಿ, ಕೊನೆಗೆ "ಸರಿ ಸರಿ, ಊಟ ಆಯ್ತು" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಕಿವಿಯನ್ನಂತೂ ಬಸ್ಸಿನ ಇಂಜಿನ್ನಿಗೆ ಕೊಟ್ಟು ಬಂದಿರಿ, ಕಣ್ಣಾದರೂ ಸೊಸೆಗಿರಲಿ.

ನಮ್ಮ ರೇಡಿಯೋ ಕೇಂದ್ರದಲ್ಲಿ ನನಗೊಂದು ಕೆಲಸ ಒಪ್ಪಿಸಿದ್ದಾರೆ. ಬ್ಲೂಸ್ ಹಾಡುತ್ತಿದ್ದ ನಿಮ್ಮ ಹೊಗೆಗಂಟಲಿನವರು ತೀರಿಕೊಂಡು ಇಪ್ಪತ್ತೈದು ವರ್ಷವಾಯಿತಲ್ಲ, ಆ ನೆನಪಿಗೆ ನೂರು ದಿನ ಬೆಳಿಗ್ಗೆ ಏಳೂ ಹತ್ತಕ್ಕೆ 'ದಿನಕ್ಕೊಂದು ಚೂರು'. ಅವರ ಬದುಕಿನದೋ ಹಾಡಿನದೋ ಒಂದು ಸಣ್ಣ ಸಂಗತಿ, ಒಂದೇ ನಿಮಿಷ. ಆಮೇಲೆ ಅವರದೊಂದು ಹಾಡು. ಇದೇ ತಿಂಗಳು ಹನ್ನೆರಡಕ್ಕೆ ಶುರು.

ಪುಸ್ತಕದಲ್ಲಿ ಸಿಗುವುದೆಲ್ಲ ಹುಟ್ಟಿದ ದಿನ, ಸತ್ತ ದಿನ, ಎಷ್ಟು ರೆಕಾರ್ಡು ಬಂದವು ಎಂಬುದು. ಅದು ಹತ್ತು ದಿನಕ್ಕೂ ಸಾಲದು. ಹತ್ತೊಂಬತ್ತು ವರ್ಷ ಅವರ ತಂಡದ ಬಸ್ಸು ಓಡಿಸಿದವರು ನನ್ನ ಸ್ವಂತ ಸೋದರಮಾವನಾಗಿರುವಾಗ ನಾನು ಇನ್ನೊಬ್ಬರ ಬಾಗಿಲು ಯಾಕೆ ತಟ್ಟಲಿ? ಏನು ತಿನ್ನುತ್ತಿದ್ದರು, ಯಾವುದಕ್ಕೆ ನಗುತ್ತಿದ್ದರು, ಯಾವ ಹಾಡು ಎಲ್ಲಿ ಹುಟ್ಟಿತು, ಎಲ್ಲ ಬರೆಯಿರಿ. ನಮ್ಮ ಮುಖ್ಯಸ್ಥರಿಗೆ ಗಡಿಯಾರ ಎಂದು ಅಡ್ಡಹೆಸರು. ಅರುವತ್ತೊಂದನೆಯ ಸೆಕೆಂಡು ಆದರೆ ಮುಖ ಸಿಂಡರಿಸುತ್ತಾರೆ. ಹಾಗಾಗಿ ಚೂರು ಚಿಕ್ಕದಿರಲಿ, ನಿಜವಿರಲಿ.

ನಿಮ್ಮ ಗಿಣಿ

ಫೆಬ್ರವರಿ 8

ಗಿಣಿ,

ನಿನ್ನ ಕಾಗದವನ್ನು ಕೆಳಗಿನ ಕ್ಷೌರದಂಗಡಿಯವನಿಗೂ ಓದಿಸಿದೆ. ಶುರುವಾದ ಮೇಲೆ ನಿನ್ನ ಕಾರ್ಯಕ್ರಮವನ್ನು ದಿನಾ ಕೇಳಿ, ನೀನು ಹೇಳಿದ್ದನ್ನು ನಾನು ಓದಲೆಂದು ಕನ್ನಡಿಯ ಮೇಲೆ ಸೋಪಿನ ನೊರೆಯಲ್ಲಿ ಬರೆದಿಡುತ್ತಾನಂತೆ. ಗಿರಾಕಿಗಳ ಗತಿ ಏನೋ ಗೊತ್ತಿಲ್ಲ.

ಮೊದಲು ಬ್ಲೂಸ್ ಎಂದರೇನು ಎಂದು ಜನಕ್ಕೆ ತಿಳಿಸು. ಒಂದು ಸಾಲನ್ನು ಎರಡು ಸಲ ಹಾಡುವುದು. ಮೊದಲನೆಯ ಸಲ ಕೇಳುವವರಿಗೆ, ಎರಡನೆಯ ಸಲ ತನಗೆ. ಮೂರನೆಯ ಸಾಲಿನಲ್ಲಿ ಗಂಟು ಬಿಚ್ಚುವುದು. ನನಗೆ ಸಂಗೀತ ಬಾರದು, ಇಷ್ಟು ಗೊತ್ತು.

ಈಗ ಚೂರು. ಹೊಗೆಗಂಟಲಿನವರನ್ನು ನಾವು ತಂಡದವರೆಲ್ಲ ಅಣ್ಣ ಎನ್ನುತ್ತಿದ್ದೆವು. ಅಣ್ಣ ಎಡಗೈ ಬೆರಳಿಗೆ ಗಾಜಿನ ಕೊಳವೆ ತೊಟ್ಟು ಗಿಟಾರಿನ ತಂತಿಯ ಮೇಲೆ ಜಾರಿಸುತ್ತಿದ್ದರು. ಒಂದು ದಿನ ನಾನು ರಸ್ತೆಯ ಗುಂಡಿ ನೋಡದೆ ಬಸ್ಸು ಹಾರಿಸಿದೆ, ಕೊಳವೆ ಒಡೆಯಿತು. ಇನ್ನರ್ಧ ಗಂಟೆಗೆ ಕಾರ್ಯಕ್ರಮ. ನನ್ನ ಪಾನಾಗಳ ಪೆಟ್ಟಿಗೆಯಿಂದ ನಟ್ಟು ಬಿಚ್ಚುವ ಒಂದು ಕಬ್ಬಿಣದ ಸಾಕೆಟ್ ಎತ್ತಿಕೊಂಡು ಬೆರಳಿಗೆ ಹಾಕಿ ನೋಡಿದರು. "ಸಾರಥಿ, ಇದು ಗಾಜಿಗಿಂತ ಚೆನ್ನಾಗಿ ಅಳುತ್ತೆ ಕಣೋ" ಎಂದರು. ಅವರು ನನ್ನನ್ನು ಸಾರಥಿ ಎಂದೇ ಕರೆಯುತ್ತಿದ್ದುದು. ಆಮೇಲಿನ ರೆಕಾರ್ಡುಗಳಲ್ಲೆಲ್ಲ ಕೇಳುವುದು ಆ ಸಾಕೆಟ್ಟೇ. ಅದರ ಅಳತೆಯ ನಟ್ಟು ಬಿಚ್ಚಲು ನಾನು ಇನ್ನೊಬ್ಬರ ಕೈ ಕಾಲು ಹಿಡಿಯಬೇಕಾಯಿತು.

ಇನ್ನೊಂದು. "ಬಾಗಿಲ ಮುಂದೆ ನಿಂತೆ, ಬೀಗ ನನ್ನನ್ನೇ ನೋಡಿತು, ಕೀಲಿ ಜೇಬಲ್ಲೇ ಇತ್ತು, ಕೈ ಮಾತ್ರ ಬರಲಿಲ್ಲ" ಎಂಬ ಹಾಡಿಗೆ ಜನ ಏನೇನೋ ಅರ್ಥ ಹಚ್ಚುತ್ತಾರೆ. ವಸತಿಗೃಹದ ಕೋಣೆಯ ಕೀಲಿ ಅವರ ಕೋಟಿನ ಹರಿದ ಅಸ್ತರಿನೊಳಗೆ ಜಾರಿಹೋಗಿತ್ತು. ಒಂದು ಗಂಟೆ ಮೆಟ್ಟಿಲ ಮೇಲೆ ಕೂತರು. ಹಾಡು ಅಲ್ಲಿ ಹುಟ್ಟಿತು. ಅಷ್ಟೇ.

ಇದರ ಜೊತೆ ಇನ್ನೂ ಮೂವತ್ತು ಬರೆದಿಟ್ಟಿದ್ದೇನೆ.

ಸಾರಥಿ ಮಾವ

ಮಾರ್ಚ್ 10

ಮಾವ,

ನಿಮ್ಮ ಸಾಕೆಟ್ಟು ಊರಿಗೆಲ್ಲ ಹಬ್ಬಿದೆ. ಗ್ಯಾರೇಜಿನವರೊಬ್ಬರು ಕೇಂದ್ರಕ್ಕೆ ಬಂದು, ಮೇಜಿನ ಮೇಲೆ ಒಂದು ರಾಶಿ ಸಾಕೆಟ್ ಸುರುವಿ "ಇದ್ರಲ್ಲಿ ಯಾವ್ದು?" ಎಂದು ಕೇಳಿದರು. ಗಡಿಯಾರ ಮೊದಲ ಬಾರಿಗೆ ನಕ್ಕಿದ್ದನ್ನು ಇಡೀ ಕಚೇರಿ ನೋಡಿತು.

ಆದರೆ ಮಾವ, ನಿಮ್ಮ ಗಂಟು ಕರಗುತ್ತಾ ಬಂದಿದೆ. ಇನ್ನು ಮೂರು ದಿನಕ್ಕೆ ಮೂವತ್ತಾಗುತ್ತದೆ, ಇನ್ನೂ ಎಪ್ಪತ್ತು ಉಳಿದಿವೆ. ಕೇಳುವವರಿಗೆ ಈಗ ಮನುಷ್ಯ ಬೇಕು. ಹಾಡುಗಾರ ಸಾಕಂತೆ. ಅವರಿಗೆ ಮನೆ ಇತ್ತೆ, ಯಾರನ್ನಾದರೂ ನೆನೆಸಿಕೊಳ್ಳುತ್ತಿದ್ದರೆ, ಹೆದರಿಕೆ ಏನಿತ್ತು, ಇಂಥವು. ಜ್ಞಾಪಕ ಕೆದಕಿ. ಸೋಮಾರಿತನ ಬೇಡ. ಬೆನ್ನು ನೋವು ಎಂದು ಮಾತ್ರ ಬರೆಯಬೇಡಿ, ಬೆನ್ನಿನಿಂದ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ನಿಮ್ಮ ಗಿಣಿ

ಮಾರ್ಚ್ 17

ಗಿಣಿ,

ಕೆದಕಿದೆ. ಒಂದು ಕಂತೆ ಕಳಿಸುತ್ತಿದ್ದೇನೆ. ಬೂಟಿಗೆ ಪಾಲಿಶ್ ಹಾಕುವಾಗ ಎಡಗಾಲಿನದು ಮೊದಲು, ಬಲಗಾಲಿನದು ಸಮಯ ಸಿಕ್ಕರೆ. ಸೇತುವೆ ದಾಟುವಾಗ ಮಾತು ನಿಲ್ಲಿಸುತ್ತಿದ್ದರು. ಕಾಗದ ಬಂದರೆ ತಕ್ಷಣ ಒಡೆಯುತ್ತಿರಲಿಲ್ಲ, ಒಂದು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿ ಆಮೇಲೆ ಓದುತ್ತಿದ್ದರು.

ಮನೆಯ ವಿಷಯ ಕೇಳಿದೆಯಲ್ಲ. ಹೆಂಡತಿಯನ್ನೂ ಮಗಳನ್ನೂ ಬಿಟ್ಟು ಬಂದಿದ್ದರು. ಮಗಳಿಗೆ ಆಗ ಆರೇಳು ವರ್ಷ. ಆ ಊರಿನ ಮೇಲೆ ತಿಂಗಳಿಗೊಮ್ಮೆ ನಮ್ಮ ಬಸ್ಸು ಹಾಯುತ್ತಿತ್ತು. ದಾರಿಯಲ್ಲೇ ಅವಳ ಶಾಲೆ, ಹಳದಿ ಬಣ್ಣದ ಮೋಟುಗೋಡೆ. ಶಾಲೆ ಬಿಡುವ ಹೊತ್ತು. ಅಣ್ಣ ಅಲ್ಲಿ ಬಸ್ಸು ನಿಲ್ಲಿಸಲು ಹೇಳುತ್ತಿದ್ದರು. ಪರದೆಯನ್ನು ಎರಡು ಬೆರಳಿನಷ್ಟು ಸರಿಸಿ ಗೋಡೆಯ ಮೇಲೆ ಕೂತ ಹುಡುಗಿಯನ್ನು ಹತ್ತು ನಿಮಿಷ ನೋಡುತ್ತಿದ್ದರು. ಇಳಿಯುತ್ತಿರಲಿಲ್ಲ. ಆಮೇಲೆ ಹೊರಡುತ್ತಿದ್ದೆವು.

ಇದನ್ನು ಬೇಕಾದರೆ ಹೇಳು, ಬೇಡದಿದ್ದರೆ ಬಿಡು.

ಮಾವ

ಮಾರ್ಚ್ 27

ಮಾವ,

ಕೂತಿದ್ದರೆ ಕೂತೇ ಓದಿ, ನಿಂತಿದ್ದರೆ ಕೂತುಕೊಳ್ಳಿ.

ಮೊನ್ನೆ ಇಪ್ಪತ್ತನಾಲ್ಕಕ್ಕೆ, ನಲವತ್ತೊಂದನೆಯ ದಿನ, ಹಳದಿ ಗೋಡೆಯ ಚೂರು ಹೇಳಿದೆ. ನಿನ್ನೆ ಹನ್ನೊಂದು ಗಂಟೆಗೆ ಕೇಂದ್ರಕ್ಕೆ ಒಬ್ಬರು ಬಂದರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಕೋಟು, ಜೇಬಿನಲ್ಲಿ ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್. ನಮ್ಮ ಹಿಂದಿನ ಬೀದಿಯ ಕನ್ನಡಕದಂಗಡಿ ಅವರದು.

"ಹಳದಿ ಗೋಡೆ ಅಂದ್ರಲ್ಲ, ಅದನ್ನ ನಿಮಗೆ ಯಾರು ಹೇಳಿದ್ದು?" ಎಂದರು.

"ನಮ್ಮ ಮಾವ. ಆ ಬಸ್ಸಿನ ಡ್ರೈವರ್ ಆಗಿದ್ರು. ಯಾಕೆ?"

"ಗೋಡೆ ಮೇಲೆ ಕೂತಿದ್ದೋಳು ನಾನೇ."

ನನ್ನ ಕೈಯಲ್ಲಿದ್ದ ಕಾಫಿ ಅಲ್ಲೇ ಆರಿತು. ಅಕ್ಕ ಮೆಲ್ಲಗೆ ಮಾತಾಡುತ್ತಾರೆ, ಕನ್ನಡಕದ ಗಾಜು ಹಿಡಿದಂತೆ. "ಅಪ್ಪನ ಬಸ್ಸು ಬರೋದು, ನಿಲ್ಲೋದು. ಡ್ರೈವರ್ ಇಳಿದು ಬಾನೆಟ್ ಎತ್ತೋರು. ಇಂಜಿನ್ ಕಾದಿದೆ, ಅದಕ್ಕೆ ನಿಂತಿದೆ ಅಂದ್ಕೊಂಡಿದ್ದೆ. ಗೋಡೆ ದಾಟಬೇಡ ಅಂತ ಅಮ್ಮ ಹೇಳಿದ್ಲು. ನಾನು ಕೂತು ಆ ಪರದೇನೇ ನೋಡ್ತಿದ್ದೆ. ಅದು ಒಂದ್ಸಲಾನೂ ಅಲ್ಲಾಡಿದ ಹಾಗೆ ಕಾಣ್ಲಿಲ್ಲ. ಅಪ್ಪನಿಗೆ ನಾನು ಅಲ್ಲಿದ್ದೀನಿ ಅಂತಾನೇ ಗೊತ್ತಿಲ್ಲ ಅಂತ ನಲವತ್ತು ವರ್ಷ ಅಂದ್ಕೊಂಡಿದ್ದೆ."

ಅವರು ಮೊದಲ ದಿನದಿಂದ ನನ್ನ ಚೂರುಗಳನ್ನು ಕೇಳುತ್ತಿದ್ದಾರಂತೆ. ಚೂರು ಮುಗಿದು ಹಾಡು ಶುರುವಾಗುತ್ತಲೇ ರೇಡಿಯೋ ಆರಿಸಿಬಿಡುತ್ತಾರಂತೆ. ಅಪ್ಪನ ಧ್ವನಿ ಮಾತ್ರ ಬೇಡ. ಆದರೆ ಮೊನ್ನೆ ಆರಿಸಲಿಲ್ಲ, ಪೂರ್ತಿ ಕೇಳಿದರಂತೆ.

ಮಾವ, ನೀವು ಒಬ್ಬರ ಜೀವಕ್ಕೆ ಎಷ್ಟು ದೊಡ್ಡದನ್ನು ಕೊಟ್ಟಿದ್ದೀರಿ ಎಂದು ನಿಮಗೇ ತಿಳಿಯದು. ಇನ್ನೂ ಬೇಕಂತೆ. ಯಾವ ಕಿಟಕಿ? ನೋಡುವಾಗ ಏನಾದರೂ ಅನ್ನುತ್ತಿದ್ದರೆ? ಹೊರಟ ಮೇಲೆ?

ನಿಮ್ಮ ಗಿಣಿ

ಏಪ್ರಿಲ್ 5

ಗಿಣಿ,

ಬಸ್ಸಿನ ಕ್ಲಚ್ಚಿನ ವಿಷಯ ಜನಕ್ಕೆ ಇಷ್ಟವಾಗಬಹುದು. ಅದರ ತಟ್ಟೆಯನ್ನು ನಾನು ಹತ್ತೊಂಬತ್ತು ವರ್ಷದಲ್ಲಿ ಐದೇ ಸಲ ಬದಲಿಸಿದ್ದು. ಏರಿನಲ್ಲಿ ಮೂರನೆಯ ಗೇರಿನಿಂದ ಎರಡಕ್ಕೆ ಇಳಿಯುವಾಗ ಗಾಡಿ ಒಂದು ಗೊರಕೆ ಹೊಡೆಯುತ್ತಿತ್ತು. ಡ್ರಮ್ ಬಾರಿಸುವವನು ಅದಕ್ಕೆ ಸರಿಯಾಗಿ ಕಾಲು ಕುಟ್ಟುತ್ತಿದ್ದ. ಹಿಂಬದಿಯ ಟೈರುಗಳ ಬಗ್ಗೆಯೂ ಬೇಕಿದ್ದರೆ ಬರೆಯುತ್ತೇನೆ.

ಇಲ್ಲಿ ಸೆಕೆ ಜಾಸ್ತಿ. ಕ್ಷೌರದವನು ಹೊಸ ಫ್ಯಾನ್ ತಂದಿದ್ದಾನೆ, ಕತ್ತರಿಸಿದ ಕೂದಲೆಲ್ಲ ಮೆಟ್ಟಿಲೇರಿ ನನ್ನ ಕೋಣೆಗೆ ಬರುತ್ತದೆ.

ಆಕೆ ಈಗ ಕನ್ನಡಕ ಹಾಕುತ್ತಾಳೆಯೆ? ಆಗ ಇರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

ಮಾವ

ಏಪ್ರಿಲ್ 13

ಮಾವ,

ಇದೇನು ಕಾಗದ? ಕೇಳಿದ್ದು ಕಿಟಕಿ, ಕೊಟ್ಟದ್ದು ಕ್ಲಚ್ಚು. ಹುಷಾರಿಲ್ಲವೆ? ಇಲ್ಲ, ನಿಮ್ಮ ಹೆಸರು ರೇಡಿಯೋದಲ್ಲಿ ಹೇಳಲಿಲ್ಲ ಎಂದು ಕೋಪವೆ? ಕೋಪವಾದರೆ ನೇರ ಹೇಳಿ, ನಾಳೆಯಿಂದಲೇ ಹೇಳುತ್ತೇನೆ. ಮೈಗೆ ಹುಷಾರಿಲ್ಲದಿದ್ದರೆ ಕ್ಷೌರದವರಿಂದ ಒಂದು ಸಾಲು ಬರೆಸಿ, ಮುಂದಿನ ಬಸ್ಸಿಗೇ ಹೊರಡುತ್ತೇನೆ. ಅಮ್ಮ ಹೋದ ಮೇಲೆ ನನಗೆ ಮುನಿಸಿಕೊಳ್ಳಲಿಕ್ಕೆ ಉಳಿದಿರುವುದು ನೀವೊಬ್ಬರೇ.

ಕನ್ನಡಕದಂಗಡಿ ಅಕ್ಕ ದಿನಬಿಟ್ಟು ದಿನ ಬರುತ್ತಾರೆ. ಅಪ್ಪನ ಎಲ್ಲ ರೆಕಾರ್ಡುಗಳನ್ನೂ ನಮ್ಮ ಸಂಗ್ರಹದ ಕೋಣೆಯಲ್ಲಿ ಕೂತು ಒಂದೊಂದೇ ಕೇಳುತ್ತಿದ್ದಾರೆ. ನೂರನೆಯ ದಿನ ಅರ್ಧ ಗಂಟೆ ಅವರೇ ಮಾತಾಡಬೇಕೆಂದು ಗಡಿಯಾರ ಗೊತ್ತುಮಾಡಿದ್ದಾರೆ. ಅದರ ಹೆಸರೂ ಆಯಿತು, 'ಪರದೆಯ ಹಿಂದಿನ ಅಪ್ಪ'. ಅಕ್ಕ ಒಪ್ಪಿದ್ದಾರೆ. ಅಷ್ಟರೊಳಗೆ ನಿಮ್ಮಿಂದ ವಿವರ ಬೇಕೇ ಬೇಕು.

ಗಿಣಿ

ಮೇ 3

ಗಿಣಿ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ನಾಲ್ಕು ಸಲ ಬರೆದು ಹರಿದೆ. ಮೈಗೆ ಏನೂ ಆಗಿಲ್ಲ. ಕೋಪವೂ ಇಲ್ಲ.

ಅಣ್ಣ ಪರದೆ ಸರಿಸಲಿಲ್ಲ. ಬಸ್ಸು ನಿಲ್ಲಿಸಲು ಹೇಳಲಿಲ್ಲ. ನಿಲ್ಲಿಸುತ್ತಿದ್ದುದು ನಾನು.

ಮೊದಲನೆಯ ಸಲ ನಿಜಕ್ಕೂ ರೇಡಿಯೇಟರ್ ಕುದಿದಿತ್ತು. ಇಳಿದು ಬಾನೆಟ್ ಎತ್ತಿದೆ. ಎದುರು ಗೋಡೆಯ ಮೇಲೆ ಈ ಮಗು. ಅದೇ ಅಗಲ ಹಣೆ, ಅದೇ ಹುಬ್ಬು. ಕೇಳುವುದೇ ಬೇಡ, ಯಾರ ಮಗಳೆಂದು ಮುಖವೇ ಹೇಳುತ್ತಿತ್ತು. ಅವಳು ನನ್ನನ್ನು ನೋಡಲಿಲ್ಲ. ಬಸ್ಸಿನ ಹಿಂದಿನ ಕಿಟಕಿಯನ್ನೇ ನೋಡುತ್ತಿದ್ದಳು. ಅಣ್ಣ ಅಲ್ಲಿ ಉದ್ದದ ಸೀಟಿನ ಮೇಲೆ ಮುಖಕ್ಕೆ ಟೋಪಿ ಮುಚ್ಚಿ ಮಲಗಿದ್ದರು. ಮಧ್ಯಾಹ್ನ ಅವರು ಯಾವಾಗಲೂ ಮಲಗುತ್ತಿದ್ದರು.

ಮುಂದಿನ ತಿಂಗಳು ರೇಡಿಯೇಟರ್ ತಣ್ಣಗೇ ಇತ್ತು. ಆದರೂ ನಿಲ್ಲಿಸಿದೆ. ಆಮೇಲೆ ಪ್ರತಿ ಸಲ. ಅವರು ಎಂದಾದರೊಂದು ದಿನ ತಾವಾಗಿ ಎದ್ದು ಹೊರಗೆ ನೋಡಿಯಾರು ಎಂದು. ಒಂದು ಸಲ ತಡೆಯಲಾರದೆ ಒಳಗೆ ಹೋಗಿ ಭುಜ ಅಲುಗಿಸಿದೆ. "ಅಣ್ಣ, ಏಳಿ. ನಿಮ್ಮ ಮಗಳು ಗೋಡೆ ಮೇಲೆ ಕೂತಿದ್ದಾಳೆ" ಎಂದೆ. ಅವರು ಟೋಪಿಯನ್ನೂ ಸರಿಸದೆ "ಗಾಡಿ ಬಿಡು, ಸಾರಥಿ" ಎಂದರು. ಬಿಟ್ಟೆ.

ಅವರು ಕೆಟ್ಟವರಲ್ಲ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಮೂರು ಕಾರ್ಯಕ್ರಮ ಬಿಟ್ಟು ಪಕ್ಕದಲ್ಲಿ ಕೂತವರು. ಆದರೆ ಆ ಗೋಡೆಗೆ ಹೆದರುತ್ತಿದ್ದರು. ಆ ಹೆದರಿಕೆಯನ್ನು ಚೂರು ಮಾಡಿ ರೇಡಿಯೋಗೆ ಕೊಡಲು ನನಗೆ ಮನಸ್ಸು ಬರಲಿಲ್ಲ.

ನೀನು ಇನ್ನಷ್ಟು ಕೇಳಿದೆ, ನನ್ನ ಗಂಟು ಬರಿದಾಗಿತ್ತು. ಆ ಹತ್ತು ನಿಮಿಷವನ್ನು ಇಷ್ಟು ವರ್ಷ ಮನಸ್ಸಿನೊಳಗೇ ತಿದ್ದುತ್ತಾ ಬಂದಿದ್ದೆ. ನಾನು ತಿದ್ದಿದ್ದರಲ್ಲಿ ಅವರು ಪರದೆ ಸರಿಸುತ್ತಿದ್ದರು. ಅದನ್ನೇ ಬರೆದುಬಿಟ್ಟೆ. ಆ ಹುಡುಗಿ ನಿನ್ನ ಹಿಂದಿನ ಬೀದಿಯಲ್ಲಿರುತ್ತಾಳೆಂದು ನನಗೇನು ಗೊತ್ತಿತ್ತು?

ಮಾವ

ಮೇ 7

ಮಾವ,

ನಾನೂ ನಿಮಗೊಂದು ಹೇಳಿರಲಿಲ್ಲ. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ಈ ನೂರು ದಿನ ಸರಿಯಾಗಿ ನಡೆದರೆ ಆಗುತ್ತದೆ ಎಂದಿದ್ದರು. ನಿಮಗೆ ಚಿಂತೆ ಬೇಡವೆಂದು ಮುಚ್ಚಿಟ್ಟೆ. ಈಗ ಅದೂ ದೊಡ್ಡದಲ್ಲ. ಆ ಅಕ್ಕನ ಮುಖಕ್ಕೆ ನಾನು ಏನೆಂದು ಹೇಳಲಿ? ನಿನ್ನೆ ಅವರು ಅಪ್ಪನ ಹಾಡೊಂದನ್ನು ಗುನುಗುತ್ತಾ ಮೆಟ್ಟಿಲಿಳಿದರು.

ನಿಮ್ಮ ಉಳಿದ ಚೂರುಗಳನ್ನು ನಿನ್ನೆ ಮತ್ತೆ ಓದಿದೆ. ಎಡಗಾಲಿನ ಬೂಟಿಗೆ ಮೊದಲು ಪಾಲಿಶ್ ಹಾಕುವವರು ಯಾರು ಎಂದು ನನಗೆ ಗೊತ್ತು, ಮಾವ. ನಾನು ಚಿಕ್ಕವಳಿದ್ದಾಗ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದೆ. ಇನ್ನೆಷ್ಟು ನಿಮ್ಮವು? ಲೆಕ್ಕ ಕೊಡಿ. ಬೇರೇನೂ ಬರೆಯಬೇಡಿ.

ಗಿಣಿ

ಮೇ 10

ಗಿಣಿ,

ಬೂಟು, ಸೇತುವೆ, ಜೇಬಿನ ಕಾಗದ, ಇವು ಮೂರೂ ನನ್ನವು. ಹಳದಿ ಗೋಡೆಯೂ ಸೇರಿ ನಾಲ್ಕು. ಉಳಿದವೆಲ್ಲ ಅವರವೇ.

ಬೇರೇನೂ ಬರೆಯಬೇಡ ಎಂದಿದ್ದೀಯೆ. ಒಂದೇ ಸಾಲು. ಆಕೆಯ ವಿಳಾಸ ಕೊಡು, ನಾನೇ ಬರೆದು ತಪ್ಪು ಒಪ್ಪಿಕೊಳ್ಳುತ್ತೇನೆ. ನಿನ್ನ ಬಾಯಲ್ಲಿ ಅದು ಬರಬಾರದು.

ಮಾವ

ಮೇ 19

ಮಾವ,

ವಿಳಾಸ ಕೊಡಲಿಲ್ಲ. ಮೈಕಿನಲ್ಲಿ ಹೇಳಿದ ಬಾಯಿ ನನ್ನದು, ಆದ್ದರಿಂದ ನಾನೇ ಹೋದೆ. ನಿಮ್ಮ ಮೂರನೇ ತಾರೀಕಿನ ಕಾಗದವನ್ನೇ ಅವರ ಕೈಗೆ ಕೊಟ್ಟೆ.

ಅವರು ಒಬ್ಬ ಮುದುಕಿಯ ಕನ್ನಡಕದ ಕಾಲಿಗೆ ತಿರುಪು ಹಾಕುತ್ತಿದ್ದರು. ಅದನ್ನು ಮುಗಿಸಿ, ಆಕೆಯ ಮೂಗಿನ ಮೇಲೆ ಕೂರಿಸಿ, ಬೀದಿಯ ಫಲಕ ಓದಿಸಿ ನೋಡಿ ಕಳಿಸಿದ ಮೇಲೆ ಕಾಗದ ತೆರೆದರು. ಎರಡು ಸಲ ಓದಿದರು. ನಾನು ನೆಲ ನೋಡುತ್ತಾ ನಿಂತಿದ್ದೆ.

"ಈಗ ನೀವು ಹೋಗಿ" ಎಂದರು. ಬಂದೆ.

ಗಡಿಯಾರಕ್ಕೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡೆ. "ಅರುವತ್ತು ಸೆಕೆಂಡಲ್ಲಿ ತಪ್ಪು ಹೇಳಿದ್ದೀರಿ, ಅರುವತ್ತು ಸೆಕೆಂಡಲ್ಲಿ ಸರಿ ಮಾಡಿ" ಎಂದರು. ಮರುದಿನ ಹೇಳಿದೆ. ನಾಲ್ಕು ಚೂರು ನಿಜವಲ್ಲ, ನನ್ನ ತಪ್ಪು, ಕ್ಷಮಿಸಿ ಎಂದು. ಬಸ್ಸು ನಿಲ್ಲಿಸುತ್ತಿದ್ದವರು ಯಾರೆಂದು ಹೇಳಲಿಲ್ಲ. ಅದನ್ನು ಹೇಳುವ ಹಕ್ಕು ನನಗಿದೆ ಅನ್ನಿಸಲಿಲ್ಲ. ನೂರನೆಯ ದಿನದ ಅರ್ಧ ಗಂಟೆ ರದ್ದಾಯಿತು. ನನ್ನ ಕೆಲಸದ ಮಾತನ್ನು ಮೂರು ತಿಂಗಳು ಮುಂದಕ್ಕೆ ಹಾಕಿದ್ದಾರೆ. ಹೋಗಲಿ ಬಿಡಿ.

ನಾಲ್ಕು ದಿನ ಅಕ್ಕನ ಸುದ್ದಿಯಿಲ್ಲ. ಐದನೆಯ ದಿನ, ಅಂದರೆ ಇವತ್ತು ಬೆಳಿಗ್ಗೆ, ಕೇಂದ್ರದ ಮೆಟ್ಟಿಲ ಬಳಿ ನಿಂತಿದ್ದರು.

"ನಿಲ್ಲಿಸ್ತಿದ್ದಿದ್ದು ನನಗೋಸ್ಕರಾನೇ ತಾನೆ?" ಎಂದು ಕೇಳಿದರು.

"ಹೌದು ಅಕ್ಕ."

"ಬೇರೆ ಡ್ರೈವರುಗಳು ಬಾನೆಟ್ ಎತ್ತೋವಾಗ ಬೈಕೊಂಡು ಎತ್ತುತ್ತಾರೆ. ಅವರು ಬೈತಿರ್ಲಿಲ್ಲ. ಸುಮ್ನೆ ಬಿಸಿಲಲ್ಲಿ ನಿಂತಿರ್ತಿದ್ರು. ನಾನು ಅವರನ್ನ ಸರಿಯಾಗಿ ನೋಡ್ಲೇ ಇಲ್ಲ ನೋಡಿ." ಆಮೇಲೆ ನಿಮ್ಮ ವಿಳಾಸ ಕೇಳಿದರು. ಕೊಟ್ಟಿದ್ದೇನೆ. ಬೈಯಲು ಬರುತ್ತಾರೋ ಇನ್ನೇನಕ್ಕೋ ನನಗೆ ತಿಳಿಯದು. ಅಂಗಿಯ ಗುಂಡಿ ಹಾಕಿಕೊಂಡಿರಿ.

ನಿಮ್ಮ ಗಿಣಿ

ಮೇ 30

ಗಿಣಿ,

ಆಕೆ ಬಂದಿದ್ದಳು. ಮೊನ್ನೆ, ಮಧ್ಯಾಹ್ನ ಮೂರಕ್ಕೆ.

ಕ್ಷೌರದವನು ಕನ್ನಡಿಯ ಮೇಲೆ 'ಯಾರೋ ಬಂದಿದ್ದಾರೆ, ಹಣೆ ಅಗಲ' ಎಂದು ಬರೆದು ನನ್ನನ್ನು ಕೈಸನ್ನೆ ಮಾಡಿ ಕೆಳಗೆ ಕರೆದ. ನೋಡಿದೆ. ಕೈ ಮುಗಿದೆ. ಮೇಲೆ ಕರೆದುಕೊಂಡು ಬಂದೆ. ನನಗಿರುವುದು ಒಂದೇ ಕುರ್ಚಿ, ಅದನ್ನು ಕೊಟ್ಟೆ. ಆಕೆ ಕೂರಲಿಲ್ಲ. ಕಿಟಕಿಯ ಬಳಿ ನಿಂತಳು. ನಾನು ಮಂಚದ ಅಂಚಿನಲ್ಲಿ, ತಪ್ಪು ಮಾಡಿದ ಹುಡುಗನ ಹಾಗೆ.

ಕಿವಿಯ ವಿಷಯ ನೀನು ಹೇಳಿದ್ದೀಯೆಂದು ಕಾಣುತ್ತದೆ. ಒಂದು ನೋಟ್‌ಬುಕ್ ತಂದಿದ್ದಳು. ಆಕೆ ಬರೆಯುವುದು, ನಾನು ಬಾಯಲ್ಲಿ ಹೇಳುವುದು. ನನ್ನ ದನಿ ಎಷ್ಟು ಜೋರೆಂದು ನನಗೆ ತಿಳಿಯದಲ್ಲ, ಕೆಳಗೆ ಗಿರಾಕಿಗಳೂ ಪೂರ್ತಿ ಕೇಳಿಸಿಕೊಂಡರಂತೆ.

ಮೊದಲು ಬರೆದದ್ದು, "ನನ್ನ ಹತ್ರ ಬಂದು ಯಾಕೆ ಮಾತಾಡಲಿಲ್ಲ?"

"ನಿಮ್ಮಪ್ಪ ಒಳಗೆ ಮಲಗಿದ್ದಾರೆ ಅಂತ ಹೇಳಬೇಕಾಗ್ತಿತ್ತು ತಾಯಿ. ಬಾಯಿ ಬರ್ಲಿಲ್ಲ" ಎಂದೆ.

ಆಮೇಲೆ, "ಎಬ್ಬಿಸಿದ ದಿನ, ಹೊರಟ ಮೇಲೆ ಅವರು ಏನಾದರೂ ಅಂದ್ರಾ?"

ಗಿಣಿ, ನಾನು ಸುಳ್ಳು ಹೇಳುವುದಕ್ಕೆ ಅಷ್ಟು ಚೆನ್ನಾದ ಜಾಗ ಇನ್ನೊಂದಿರಲಿಲ್ಲ. ಅತ್ತರು ಎನ್ನಬಹುದಿತ್ತು. ಆ ಸಂಜೆ ಹಾಡಲಿಲ್ಲ ಎನ್ನಬಹುದಿತ್ತು. ಕಣ್ಣೆದುರಿಗೆ ಪದಗಳು ಸಾಲಾಗಿ ಬಂದು ನಿಂತವು. "ಏನೂ ಅನ್ಲಿಲ್ಲ. ಮುಂದಿನ ಊರಲ್ಲಿ ಎದ್ದು ಟೀ ಕೇಳಿದ್ರು. ಆ ಸಂಜೆ ಚೆನ್ನಾಗಿ ಹಾಡಿದ್ರು" ಎಂದೆ.

ಆಕೆ ಕಿಟಕಿ ಬಿಟ್ಟು ಬಂದಳು. ಮೇಲೆ ಬಂದ ಮೇಲೆ ಮೊದಲ ಬಾರಿಗೆ ಕುರ್ಚಿಯ ಮೇಲೆ ಕೂತಳು. ಕಣ್ಣು ಒರೆಸಿಕೊಂಡು, ಬರೆದಳು. "ಇದನ್ನ ನಂಬಬಹುದು."

ಆಮೇಲೆ ನಾನೇ ಕೇಳಿದೆ. ಒಂದು ತಿಂಗಳು ಗೋಡೆಯ ಮೇಲೆ ಅವಳಿರಲಿಲ್ಲ. ಅದರ ಮುಂದಿನ ತಿಂಗಳೂ ಇರಲಿಲ್ಲ. "ಮೈ ಸರಿಯಿಲ್ವೇನೋ ಅಂದ್ಕೊಂಡೆ. ಹತ್ತು ನಿಮಿಷ ನೋಡಿ ಹೊರಡ್ತಿದ್ದೆ. ಎಲ್ಲಿಗೆ ಹೋಗಿದ್ರಿ?"

"ಅಮ್ಮನಿಗೆ ಬೇರೆ ಊರಲ್ಲಿ ಕೆಲಸ ಸಿಕ್ತು. ನನಗೆ ಹನ್ನೊಂದು ವರ್ಷ." ಆಮೇಲೆ, "ನಾನು ಹೋದ ಮೇಲೆ ಎಷ್ಟು ದಿನ ನಿಲ್ಲಿಸಿದ್ರಿ?"

"ಇನ್ನೂ ಮೂರು ವರ್ಷ" ಎಂದೆ.

ಆಕೆ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನೋಟ್‌ಬುಕ್ಕನ್ನು ಮಂಡಿಯ ಮೇಲಿಟ್ಟುಕೊಂಡು ನಿಧಾನವಾಗಿ, ಶಾಲೆಯ ಮಗು ಬರೆದಂತೆ ಬರೆದು ನನ್ನ ಕೈಗೆ ಕೊಟ್ಟಳು.

"ನಿಮಗೆ ಹೇಳಿ ಹೋಗಬೇಕಿತ್ತು. ತಪ್ಪಾಯ್ತು."

ಹಾಳೆಯನ್ನು ಹರಿದು ನನಗೇ ಕೊಟ್ಟಳು. ಗಿಣಿ, ಇದನ್ನು ರೇಡಿಯೋದಲ್ಲಿ ಹೇಳಬೇಡ.

ಮಾವ